ಸೀರೆಯ ರೀಲ್ ಮಾಡಲು ಹೊರಟವರಿಗೆ ಒಬ್ಬ ದರ್ಜಿಯ ಟಿಪ್ಪಣಿ

"ಅಕ್ಕಾ, ನಾನೂ ನಿಮ್ಮ ಹಾಗೆ ಸ್ಟೈಲ್ ಇನ್‌ಫ್ಲುಯೆನ್ಸರ್ ಆಗಬೇಕು. ಯಾವ ಕ್ಯಾಮೆರಾ ಕೊಳ್ಳಲಿ?" ಎಂದು ವಾರಕ್ಕೆ ಮೂರು ನಾಲ್ಕು ಹುಡುಗಿಯರು ಕೇಳುತ್ತಾರೆ. ಕ್ಯಾಮೆರಾ ಇರಲಿ, ಮೊದಲು ನಿಮ್ಮ ಕಪಾಟಿನಲ್ಲಿ ಏನೇನಿದೆ ಹೇಳಿ ಎಂದರೆ ಆ ಕಡೆಯಿಂದ ಮಾತೇ ಇಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆದು ಕೈ ಸೋತಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಕುಪ್ಪಸ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ತವರು ಗುಳೇದಗುಡ್ಡ, ಕುಪ್ಪಸಕ್ಕೆಂದೇ ನೇಯುವ ಖಣದ ಬಟ್ಟೆಯ ಊರು. 2020ರಲ್ಲಿ ಲಾಕ್‌ಡೌನ್ ಒಂದು ಕಡೆ, ಆಷಾಢ ಇನ್ನೊಂದು ಕಡೆ. ಮದುವೆಗಳಿಲ್ಲ, ಹೊಲಿಗೆಯಿಲ್ಲ, ಯಂತ್ರಕ್ಕೆ ಬಟ್ಟೆ ಹೊದಿಸಿ ಕೂತಿದ್ದೆ. ಆ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಗಿತ್ತು, ಜುಲೈ 8ಕ್ಕೆ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ತಂಗಿ ಒತ್ತಾಯ ಮಾಡಿ ಮಾಡಿಸಿದ ಮೊದಲ ವಿಡಿಯೊದಲ್ಲಿ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು. ಹದಿನೇಳು ವೀಕ್ಷಣೆ ಎಂದು ತೋರಿಸಿತು, ಅದರಲ್ಲಿ ಆರು ಸಲ ನೋಡಿದವಳು ತಂಗಿಯೇ. ಈಗ 41 ಸಾವಿರ ಜನ ಹಿಂಬಾಲಿಸುತ್ತಾರೆ. ಬೆಂಗಳೂರಿನವರ ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ. ಆದರೆ ಹೊಲಿಗೆಯಿಂದ ಬರುವಷ್ಟೇ ದುಡ್ಡು ಈಗ ಇದರಿಂದಲೂ ಬರುತ್ತದೆ. ಟೇಪು ಈಗಲೂ ಕೊರಳಲ್ಲೇ ಇದೆ, ಜನ ಅದರಿಂದಲೇ ಗುರುತು ಹಿಡಿಯುತ್ತಾರೆ.

ವಿಷಯ ಹುಡುಕುವುದು

ಫ್ಯಾಶನ್ ಎನ್ನುವುದು ವಿಷಯವಲ್ಲ, ಅದು ಸಂತೆ. ಸಂತೆಯಲ್ಲಿ ನಿಮ್ಮದು ಯಾವ ಅಂಗಡಿ? ನನಗೆ ಇದು ಹೊಳೆದದ್ದು ಗಿರಾಕಿಗಳಿಂದ. ಹೊಲಿಯಲು ಕೊಡಲು ಬಂದವರು ಅರ್ಧ ಗಂಟೆ ಕೂತು ಕೇಳುತ್ತಿದ್ದದ್ದು ಒಂದೇ: "ಈ ಇಳಕಲ್ ಸೀರೆಗೆ ಯಾವ ಬಣ್ಣದ ಖಣ ಹೊಂದುತ್ತದೆ?" ಅಷ್ಟು ವರ್ಷ ಪುಕ್ಕಟೆ ಹೇಳಿದ ಆ ಉತ್ತರವೇ ನನ್ನ ಪುಟವಾಯಿತು. ನಿಮ್ಮನ್ನೂ ಜನ ಏನನ್ನೋ ಕೇಳುತ್ತಿರುತ್ತಾರೆ. ಕಚೇರಿಗೆ ಹತ್ತಿ ಸೀರೆ ಉಟ್ಟು ಸ್ಕೂಟರ್ ಓಡಿಸುವುದು ಹೇಗೆ ಎಂದು ಒಬ್ಬಳನ್ನು ಕೇಳಿದರೆ, ಐದು ಅಡಿಗಿಂತ ಕಡಿಮೆ ಎತ್ತರದವಳನ್ನು ದೊಡ್ಡ ದಡಿಯ ಸೀರೆ ನಿಮಗೆ ಹೇಗೆ ಒಪ್ಪುತ್ತದೆ ಎಂದು ಕೇಳುತ್ತಾರೆ. ಗಂಡುಮಕ್ಕಳಿಗೂ ಇದೇ ಮಾತು. ಮದುವೆಗೆ ಪಂಚೆ ಉಡಲು ಬಾರದ ಹುಡುಗರು ರಾಜ್ಯದಲ್ಲಿ ಎಷ್ಟಿಲ್ಲ!

ಒಂದು ಪರೀಕ್ಷೆ ಇದೆ. ನೋಟ್‌ಪುಸ್ತಕ ತೆಗೆದು ಒಂದು ಗಂಟೆಯಲ್ಲಿ ಇಪ್ಪತ್ತೈದು ವಿಡಿಯೊಗಳ ಹೆಸರು ಬರೆಯಿರಿ. ಏಳಕ್ಕೇ ಪೆನ್ನು ನಿಂತರೆ ಅದು ನಿಮ್ಮ ವಿಷಯವಲ್ಲ, ಬೇರೆಯವರ ಪುಟ ನೋಡಿ ಹುಟ್ಟಿದ ಆಸೆ. ಆಮೇಲೆ ಕಪಾಟು ಪೂರ್ತಿ ಹೊರಗೆ ತೆಗೆದು ಹಾಸಿಗೆಯ ಮೇಲೆ ಹರಡಿ ಎಣಿಸಿ. ನನಗೆ ಸಿಕ್ಕಿದ್ದು ಹನ್ನೊಂದು ಇಳಕಲ್, ಅದರಲ್ಲಿ ನಾಲ್ಕು ಅವ್ವನವು. ಕಸೂತಿ ಹಾಕಿದ್ದು ಎರಡು. ಖಣದ ಕುಪ್ಪಸ ಇಪ್ಪತ್ತಾರು. ಮೊದಲ ಎಂಟು ತಿಂಗಳು ಹೊಸದಾಗಿ ಒಂದೂ ಸೀರೆ ಕೊಳ್ಳಲಿಲ್ಲ. ಸಾಲ ಮಾಡಿ ಬಟ್ಟೆ ಕೊಂಡು ವಿಡಿಯೊ ಮಾಡಿದ ಒಬ್ಬ ಹುಡುಗಿಯನ್ನು ಬಲ್ಲೆ. ಪುಟ ನಿಂತಿದೆ, ಕಂತು ನಿಂತಿಲ್ಲ.

ಖಾತೆ

ಇದಕ್ಕೆ ಹತ್ತು ನಿಮಿಷ ಸಾಕು. ಖಾತೆಯನ್ನು ಪ್ರೊಫೆಷನಲ್ ಮಾಡಿ ಕ್ರಿಯೇಟರ್ ಎಂದು ಆರಿಸಿಕೊಳ್ಳಿ. ಯಾರು ನೋಡಿದರು, ಯಾವ ಊರಿನವರು, ವಿಡಿಯೊವನ್ನು ಎಲ್ಲಿ ಅರ್ಧಕ್ಕೆ ಬಿಟ್ಟು ಹೋದರು ಎಂಬ ಅಂಕಿಗಳು ಆಗ ಸಿಗುತ್ತವೆ. ಪರಿಚಯದ ಸಾಲಿನಲ್ಲಿ ಊರು, ವಿಷಯ, ನೀವು ಮಾರುತ್ತೀರೋ ಇಲ್ಲವೋ, ಇಷ್ಟು ಬರೆಯಿರಿ. "ಕನಸುಗಳ ಪಯಣ" ಎಂದು ಬರೆದರೆ ಸೀರೆ ಹುಡುಕುವವರಿಗೆ ಏನು ತಿಳಿಯಬೇಕು? ವ್ಯವಹಾರಕ್ಕೆ ಬೇರೆ ಸಿಮ್ ಇರಲಿ. ಮನೆಯ ಮುಂಭಾಗ, ಮಕ್ಕಳ ಶಾಲೆಯ ಸಮವಸ್ತ್ರ, ಗಾಡಿಯ ನಂಬರು ಚೌಕಟ್ಟಿನೊಳಗೆ ಬರಬಾರದು.

ಹೆಣ್ಣುಮಕ್ಕಳಿಗೆ ಇನ್ನೊಂದು ಕೆಲಸವಿದೆ. ಕೆಟ್ಟ ಮಾತುಗಳಿರುವ ಕಾಮೆಂಟುಗಳನ್ನು ತಾನಾಗಿ ಮರೆಮಾಡುವ ಸೌಲಭ್ಯ ಇನ್‌ಸ್ಟಾಗ್ರಾಂನಲ್ಲಿದೆ, ನಮ್ಮದೇ ಪಟ್ಟಿಯನ್ನೂ ಅದಕ್ಕೆ ಸೇರಿಸಬಹುದು. ಕನ್ನಡದ ಬೈಗುಳಗಳನ್ನು ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ ನೀವೇ ಬರೆದು ತುಂಬಿಸಿ. ನಾನೂ ನಮ್ಮ ಮನೆಯವರೂ ಒಂದು ರಾತ್ರಿ ಊಟವಾದ ಮೇಲೆ ಕೂತು ಆ ಪಟ್ಟಿ ಮಾಡಿದೆವು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರ ಪದಸಂಪತ್ತು ನನಗೆ ತಿಳಿದದ್ದು ಅಂದೇ.

ಕಿಟಕಿ ಮತ್ತು ಮೊಬೈಲು

ದುಂಡು ದೀಪ, ಮೊಬೈಲು ಅಲುಗದಂತೆ ಹಿಡಿಯುವ ಗಿಂಬಲ್, ಹಿಂದೆ ಕಟ್ಟುವ ಪರದೆ, ಯಾವುದೂ ಈಗ ಬೇಡ. ನಾನು ಕೊಂಡದ್ದು ಎರಡೇ: ಮೊಬೈಲು ನಿಲ್ಲಿಸಲು ಒಂದು ಸ್ಟ್ಯಾಂಡು, ಸೆರಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕು. ಮೈಕನ್ನು ನಿರಿಗೆಯ ಕಡೆ ಸಿಕ್ಕಿಸಬೇಡಿ, ಸೀರೆಯ ಸರಸರ ಶಬ್ದವೇ ಮಾತನ್ನು ನುಂಗುತ್ತದೆ. ಫ್ಯಾನು ಆರಿಸಿ. ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಫ್ಯಾನು ಆರಿಸಿ ರೇಷ್ಮೆ ಉಟ್ಟು ನಗುವುದು ಸುಲಭವಲ್ಲ, ಅಭ್ಯಾಸವಾಗುತ್ತದೆ.

ಬೆಳಕಿಗೆ ಕಿಟಕಿ ಇದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗುತ್ತದೆ, ಎದುರಾಗಿ ನಿಂತರೆ ಬಟ್ಟೆಯ ನೇಯ್ಗೆ ಸಪ್ಪೆಯಾಗುತ್ತದೆ. ಖಣದಲ್ಲಿ ನೇಯ್ದ ಚಿಕ್ಕ ಬುಟ್ಟಾ ಚಿತ್ತಾರಗಳು ಮೇಲೆದ್ದು ಕಾಣುವುದು ಬೆಳಕು ಪಕ್ಕದಿಂದ ಬಿದ್ದಾಗ. ಹಾಗಾಗಿ ಕಿಟಕಿ ಎಡಕ್ಕೋ ಬಲಕ್ಕೋ ಇರಲಿ. ಇನ್ನೊಂದು ಪಕ್ಕದಲ್ಲಿ ಗಣೇಶ ಹಬ್ಬದ ಮಂಟಪಕ್ಕೆ ತಂದು ಉಳಿದ ಬಿಳಿ ಥರ್ಮೊಕೋಲ್ ಹಾಳೆ ನಿಲ್ಲಿಸಿದರೆ ಮುಖದ ನೆರಳು ತಿಳಿಯಾಗುತ್ತದೆ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಹಳೆಯ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ. ಒಳಗಿನ ಬಲ್ಬು ಆರಿಸಿ, ಇಲ್ಲದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ.

ಕೆಂಪು ಬಣ್ಣದ ಬಗ್ಗೆ ಎಚ್ಚರ. ಇಳಕಲ್ ಸೀರೆಯ ಸೆರಗು ಕೆಂಪು, ಮೊಬೈಲಿಗೆ ಕೆಂಪು ಎಂದರೆ ಹುಚ್ಚು. ಎಳೆಗಳೆಲ್ಲ ಕರಗಿ ಕುಂಕುಮ ಕಲಸಿದಂತೆ ಕಾಣುತ್ತದೆ. ಪರದೆಯ ಮೇಲೆ ಸೆರಗಿನ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ಬೀಗ ಹಾಕಿದಂತೆ ನಿಲ್ಲುತ್ತವೆ. ಆಮೇಲೆ ಬೆಳಕನ್ನು ಸ್ವಲ್ಪ ಇಳಿಸಿ, ಎಳೆ ಕಾಣುವವರೆಗೆ. ಪೂರ್ತಿ ಉಡುಗೆ ತೋರಿಸುವಾಗ ಮೊಬೈಲು ನಿಮ್ಮ ಸೊಂಟದ ಎತ್ತರದಲ್ಲಿರಲಿ, ಮುಖದ ಎತ್ತರದಲ್ಲಿಟ್ಟರೆ ಕಾಲು ಗಿಡ್ಡವಾಗುತ್ತದೆ. ಹತ್ತಿರ ನಿಂತು ಅಗಲದ ಲೆನ್ಸಿನಲ್ಲಿ ತೆಗೆಯುವುದಕ್ಕಿಂತ ಮೂರು ಹೆಜ್ಜೆ ಹಿಂದೆ ಸರಿದು ಮಾಮೂಲಿ ಲೆನ್ಸಿನಲ್ಲಿ ತೆಗೆಯಿರಿ. ಶುರು ಮಾಡುವ ಮುಂಚೆ ಲೆನ್ಸ್ ಒರೆಸಿ. ಸೆರಗಿನಿಂದ ಅಲ್ಲ, ಜರಿ ಗೀರುತ್ತದೆ.

ಕೈಗೆ ಸಿಗದ ಬಟ್ಟೆಯನ್ನು ಮುಟ್ಟಿಸುವುದು

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ಸೀರೆಯ ಅಂಗಡಿಯಲ್ಲಿ ಹೆಂಗಸರು ಮೊದಲು ಏನು ಮಾಡುತ್ತಾರೆ ನೋಡಿ: ಬಣ್ಣ ನೋಡುವ ಮುಂಚೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ಉಜ್ಜಿ ನೋಡುತ್ತಾರೆ. ಪರದೆಯ ಮುಂದೆ ಕೂತವರಿಗೆ ಆ ಬೆರಳಿಲ್ಲ. ಅವರ ಪರವಾಗಿ ಮುಟ್ಟಿ ನೋಡಿ ಹೇಳುವುದೇ ನಮ್ಮ ಕಸುಬು. ಉಟ್ಟು ಸುತ್ತು ತಿರುಗಿ ನಕ್ಕರೆ ನೀವು ಚೆನ್ನಾಗಿ ಕಾಣುತ್ತೀರಿ, ಅಷ್ಟೇ.

ನಾನು ಪ್ರತಿ ಸೀರೆಗೂ ಮಾಡುವ ಕೆಲಸಗಳಿವು. ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಕ ತೋರಿಸುತ್ತೇನೆ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವವರೆಗೆ ಹಿಡಿದು ಬಿಡುತ್ತೇನೆ; ಎಷ್ಟು ಮುದುಡಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಒಂದು ಪದರದ ಹಿಂದೆ ಕೈಯಿಟ್ಟು ಬೆರಳು ಎಣಿಸಲು ಬರುತ್ತದೆಯೇ ಎಂದು ನೋಡುತ್ತೇನೆ; ಒಳಲಂಗದ ಬಣ್ಣ ಯಾವುದಿರಬೇಕು ಎಂಬುದಕ್ಕೆ ಅದೇ ಉತ್ತರ. ಮೈಕಿನ ಹತ್ತಿರ ಉಜ್ಜುತ್ತೇನೆ. ಕೊನೆಗೆ ಎತ್ತರದಿಂದ ಕೆಳಗೆ ಬಿಡುತ್ತೇನೆ, ಕೆಲವು ಸೀರೆ ಹರಿಯುತ್ತವೆ, ಕೆಲವು ದೊಪ್ಪನೆ ಬೀಳುತ್ತವೆ.

ಒಂದು ವಿಡಿಯೊವನ್ನು ಬಿಡಿಸಿ ಹೇಳುತ್ತೇನೆ, ನನ್ನ ಪುಟದಲ್ಲಿ ಈವರೆಗೆ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ಅಸಲಿ ಕೈಮಗ್ಗದ ಇಳಕಲ್ ಗುರುತಿಸುವುದು ಹೇಗೆ ಎಂಬ 48 ಸೆಕೆಂಡಿನ ತುಣುಕು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ. ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಹಾಸನ್ನು ಒಂದು ಸಲಕ್ಕೆ ಒಂದೇ ಸೀರೆಗೆ ಸಿದ್ಧ ಮಾಡುತ್ತಾರೆ. ಮೊದಲ ಮೂರು ಸೆಕೆಂಡಿನಲ್ಲಿ ನಾನಿಲ್ಲ, ಮುಖವಿಲ್ಲ, ನಮಸ್ಕಾರವಿಲ್ಲ. ಎರಡು ಸೆರಗು ಪಕ್ಕಪಕ್ಕ, ನಡುವೆ ನನ್ನ ಬೆರಳು, ಒಂದೇ ಪ್ರಶ್ನೆ: "ಇವೆರಡರಲ್ಲಿ ಯಾವುದಕ್ಕೆ ದುಡ್ಡು ಕೊಡುತ್ತೀರಿ?" ಆಮೇಲೆ ಮೈ ಮತ್ತು ಸೆರಗು ಸೇರುವ ಗೆರೆಯನ್ನು ಮಗುಚಿ ಹಿಂಬದಿ ತೋರಿಸಿದೆ, ಸಾಲಾಗಿ ಕೂತ ಚಿಕ್ಕ ಕೊಂಡಿಗಳ ಮೇಲೆ ಹೊಲಿಗೆಯ ಸೂಜಿಯ ಮೊನೆಯನ್ನು ನಿಧಾನ ಓಡಿಸಿದೆ. ಅದು ಮುಗಿದ ಮೇಲೆ ನಕಲಿಯ ಸೆರಗು. ಅದರಲ್ಲಿ ಮೈಯ ಹಸಿರು ಹಾಸೇ ಸೆರಗಿನವರೆಗೂ ಹರಿದಿದೆ, ಅಡ್ಡ ಎಳೆ ಮಾತ್ರ ಕೆಂಪು. ಸೂಜಿಯಿಂದ ಎಳೆಗಳನ್ನು ಸರಿಸಿದರೆ ಕೆಂಪಿನ ನಡುವೆ ಹಸಿರು ಇಣುಕುತ್ತದೆ. ಅಸಲಿಯಲ್ಲಿ ಉದ್ದಕ್ಕೂ ಕೆಂಪು, ಅಡ್ಡಕ್ಕೂ ಕೆಂಪು, ಅದಕ್ಕೇ ಆ ಬಣ್ಣ ಅಷ್ಟು ಗಟ್ಟಿ. ಹಿನ್ನೆಲೆಗೆ ಸಂಗೀತವನ್ನೂ ಹಾಕಲಿಲ್ಲ. ಕೊನೆಯ ಆರು ಸೆಕೆಂಡು ಟೋಪ ತೆನಿ ಎಂಬ ಇಳಕಲ್ಲಿನ ಸಾಂಪ್ರದಾಯಿಕ ವಿನ್ಯಾಸದ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ನಿಂತೆ. ಸ್ಟೈಲ್ ಬೇಕೆಂದವರಿಗೆ ಅಷ್ಟು ಸಾಕು.

ಇದನ್ನು ಮಾಡಲು ಸೂಜಿ ಬೇಕಾಯಿತು, ನಕಲಿಯೊಂದನ್ನು ಕೊಳ್ಳಲು 650 ರೂಪಾಯಿ ಬೇಕಾಯಿತು, ಮತ್ತು ಗೊತ್ತಿರುವುದನ್ನು ಮಾತ್ರ ಹೇಳುವ ಸಂಯಮ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಎಷ್ಟೋ ಪುಟಗಳಲ್ಲಿ ಯಂತ್ರದ ಕಸೂತಿಯನ್ನು ತೋರಿಸಿ ಕೈಕಸೂತಿ ಎನ್ನುತ್ತಾರೆ. ಹಿಂಬದಿ ಮಗುಚಿ ಎಂದು ಯಾರಾದರೂ ಕಾಮೆಂಟಿನಲ್ಲಿ ಕೇಳಿದರೆ ಮುಗಿಯಿತು. ಕೈಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ ಎರಡೂ ಬದಿ ಒಂದೇ ತರ ಕಾಣುತ್ತದೆ.

ಬರೆಯುವ ಸಾಲು, ಹಾಕುವ ದಿನ

ಶೀರ್ಷಿಕೆಯ ಸಾಲನ್ನು ಕನ್ನಡದಲ್ಲೇ ಬರೆಯಿರಿ. ಆದರೆ ಹುಡುಕುವವರು ಇಳಕಲ್, ಇಲಕಲ್, ಇಲ್ಕಲ್ ಎಂದು ಬಗೆಬಗೆಯಾಗಿ ಬರೆಯುತ್ತಾರೆ, ಬಹಳ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುತ್ತಾರೆ. ಎಲ್ಲ ರೂಪಗಳೂ ಎಲ್ಲೋ ಒಂದು ಕಡೆ ಬರಲಿ. ಬೆಲೆ, ಉದ್ದ, ಬಟ್ಟೆ, ಒಗೆಯುವ ಬಗೆ, ಇವು ಕೆಳಗಿದ್ದರೆ ಕಾಮೆಂಟಿನ ಅರ್ಧ ಪ್ರಶ್ನೆಗಳು ತಪ್ಪುತ್ತವೆ. ಮಾತಿಗೆ ಅಕ್ಷರದ ಸಾಲನ್ನೂ ಹಾಕಿ. ಬಸ್ಸಿನಲ್ಲಿ ಕೂತು ಶಬ್ದವಿಲ್ಲದೆ ನೋಡುವವರೇ ಹೆಚ್ಚು.

ದಿನಕ್ಕೊಂದು ವಿಡಿಯೊ ಹಾಕಬೇಕೆಂದು ಹೇಳುವವರಿಗೆ ಮನೆಯಲ್ಲಿ ಬೇರೆ ಯಾರೋ ರೊಟ್ಟಿ ಬಡಿಯುತ್ತಿರಬೇಕು. ನನ್ನದು ವಾರಕ್ಕೆ ಎರಡು. ಭಾನುವಾರ ಬೆಳಗ್ಗೆ ಎಂಟರಿಂದ ಹತ್ತೂವರೆವರೆಗೆ ಕಿಟಕಿಯಲ್ಲಿ ಬೆಳಕಿರುತ್ತದೆ, ನಾಲ್ಕು ಸೀರೆ ಮುಗಿಸುತ್ತೇನೆ; ಎರಡು ವಾರದ ಚಿಂತೆ ಇಲ್ಲ. ಹೊಸ ಇಳಕಲ್ ಸೀರೆ ಗಾಳಿ ತುಂಬಿದಂತೆ ಉಬ್ಬುವುದರಿಂದ ಹಿಂದಿನ ರಾತ್ರಿಯೇ ನಿರಿಗೆ ಹಿಡಿದು, ಕ್ಲಿಪ್ಪು ಹಾಕಿ, ಇಸ್ತ್ರಿ ಮಾಡಿ ಮಡಚಿಡುತ್ತೇನೆ. ಬೆಳಗ್ಗೆ ಒಂದಕ್ಕೆ ನಾಲ್ಕೇ ನಿಮಿಷ. (ಈ ನಿರಿಗೆಯ ಇಸ್ತ್ರಿಯನ್ನೇ ವಿಡಿಯೊ ಮಾಡಿ ಹಾಕಿದಾಗ ಅತ್ತೆ, "ಇದನ್ನೂ ಕಲಿಸಬೇಕೇ?" ಎಂದು ಹಣೆ ಚಚ್ಚಿಕೊಂಡರು. ಕಲಿಸಬೇಕು, ಅತ್ತೆ.)

ಅಂಕಿಗಳಲ್ಲಿ ಲೈಕು ನೋಡಬೇಡಿ. ಎಷ್ಟು ಜನ ಉಳಿಸಿಟ್ಟುಕೊಂಡರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಎಂಬುದನ್ನು ನೋಡಿ. ಅಕ್ಕನಿಗೆ, ಗೆಳತಿಗೆ ಕಳಿಸಿದರೆಂದರೆ ಅದು ಕೆಲಸಕ್ಕೆ ಬಂತು.

ದುಡ್ಡು

ಎರಡು ಮೂರು ಸಾವಿರ ಜನ ಸೇರುತ್ತಿದ್ದಂತೆ ಸಂದೇಶಗಳು ಶುರುವಾಗುತ್ತವೆ: ಸೀರೆ ಕಳಿಸುತ್ತೇವೆ, ವಿಡಿಯೊ ಮಾಡಿ. ಮೊದಲ ಸಲ ಹಿಗ್ಗಿಬಿಟ್ಟೆ. ಅಂಗಡಿಯೊಂದು ಅಪ್ಪಟ ರೇಷ್ಮೆ ಎಂದು ಬರೆದು ಕಳಿಸಿತು, ನಾನು ಬಿಡಿಸಿ ಉಟ್ಟು ಅದೇ ಮಾತನ್ನು ಒಪ್ಪಿಸಿದೆ. ಬಟ್ಟೆಯ ಜೊತೆಯೇ ಬದುಕಿದ ಕೈ, ಬೆರಳಿಗೆ ಅನುಮಾನ ಬಂದಿತ್ತು, ಬಾಯಿ ಕೇಳಲಿಲ್ಲ. ಕೊಪ್ಪಳದ ಕಡೆಯ ಶಿಕ್ಷಕಿಯೊಬ್ಬರು ನನ್ನ ಮಾತು ನಂಬಿ 2,400 ರೂಪಾಯಿ ಕೊಟ್ಟು ಕೊಂಡು, ಎಳೆ ಸುಟ್ಟು ನೋಡಿ, ಕರಗಿ ಗುಂಡಾದ ಪ್ಲಾಸ್ಟಿಕ್ಕಿನ ಫೋಟೊ ಕಳಿಸಿದರು. ಒಂದು ಬೈಗುಳವೂ ಇರಲಿಲ್ಲ, ಫೋಟೊ ಮಾತ್ರ. ಅಂಗಡಿ ಕೈಯೆತ್ತಿತು. ನಾನು ಅವರ ಹಣ ವಾಪಸು ಕಳಿಸಿ, ವಿಡಿಯೊ ಅಳಿಸದೆ ಅದರ ಮೇಲೇ ತಿದ್ದುಪಡಿ ಬರೆದೆ. ಅಂದಿನಿಂದ ಬಂದ ಸೀರೆಯ ಮೂಲೆಯ ಎರಡು ಎಳೆ ಸುಟ್ಟು ನೋಡದೆ ಉಡುವುದಿಲ್ಲ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಬೆರಳಲ್ಲಿ ಹೊಸಕಿದರೆ ಪುಡಿ.

ಇದರಲ್ಲಿ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಅದನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಸೂಚನೆ ಹೊರಡಿಸಿತು. ಹಣ ಪಡೆದರೆ ಮಾತ್ರವಲ್ಲ, ಪುಕ್ಕಟೆ ಬಟ್ಟೆ, ರಿಯಾಯಿತಿ, ಪ್ರವಾಸ ಪಡೆದರೂ, ಅಂಗಡಿ ನಿಮ್ಮ ಅಣ್ಣನದೇ ಆದರೂ ತಿಳಿಸಬೇಕು. ಜಾಹೀರಾತು ಮಾನದಂಡ ಮಂಡಳಿಯ ಪ್ರಕಾರ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಇದು ಜಾಹೀರಾತು ಎಂದು ತಿಳಿಸುವ ಬರಹ ಕನಿಷ್ಠ 3 ಸೆಕೆಂಡು, ಎರಡು ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗದಷ್ಟು ಕಾಲ ಇರಬೇಕು. ನನ್ನ 45 ಸೆಕೆಂಡಿಗೆ 15 ಸೆಕೆಂಡು. "ಜಾಹೀರಾತು" ಎಂದು ಕನ್ನಡದಲ್ಲಿ ಮೊದಲ ಚೌಕಟ್ಟಿನಲ್ಲೇ ದಪ್ಪಗೆ ಬರೆಯುತ್ತೇನೆ. ಹಾಗೆ ಬರೆದರೆ ಜನ ನೋಡುವುದಿಲ್ಲ ಎಂದು ಅಂಗಡಿಯವರು ಗೊಣಗುತ್ತಾರೆ. ಗೊಣಗಲಿ.

ದರ ಕಟ್ಟುವುದನ್ನು ಹೊಲಿಗೆ ನನಗೆ ಮೊದಲೇ ಕಲಿಸಿತ್ತು. ಲೈನಿಂಗ್ ಕುಪ್ಪಸಕ್ಕೆ ಮೂರು ಗಂಟೆ ಬೇಕು, ಒಂದು ವಿಡಿಯೊಗೆ ಎಲ್ಲ ಸೇರಿ ಐದು. ಹಾಗಾದರೆ ವಿಡಿಯೊದ ಕೂಲಿ ಕುಪ್ಪಸದ್ದಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ? ಆರು ಸಾವಿರ ಜನರಿದ್ದಾಗ 1,500 ರೂಪಾಯಿಯಿಂದ ಶುರು ಮಾಡಿದೆ. ಅರ್ಧ ಮುಂಗಡ. ಒಂದು ಸಲದ ತಿದ್ದುಪಡಿ ಉಚಿತ, ಎರಡನೆಯದಕ್ಕೆ ಹಣ, ಕುಪ್ಪಸದ ತೋಳು ಬಿಗಿ ಮಾಡಿಕೊಡುವಂತೆಯೇ. ಅವರು ನಿಮ್ಮ ವಿಡಿಯೊವನ್ನು ತಮ್ಮ ಜಾಹೀರಾತಿಗೆ ಬಳಸುವುದಾದರೆ ಎಷ್ಟು ದಿನ, ಎಲ್ಲಿ ಎಂದು ಕೇಳಿ ಅದಕ್ಕೆ ಪ್ರತ್ಯೇಕ ದರ ಹೇಳಿ. ಇಷ್ಟನ್ನೂ ವಾಟ್ಸ್ಆ್ಯಪ್‌ನಲ್ಲಾದರೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಫೋನಿನ ಮಾತು ಬೇಡ.

ತೆರಿಗೆಯ ಒಂದು ಮಾತು. 2022ರ ಜುಲೈ 1ರಿಂದ, ಒಬ್ಬರೇ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ವಸ್ತುಗಳನ್ನು ಪ್ರಚಾರಕ್ಕೆಂದು ಕೊಟ್ಟು ನೀವು ಇಟ್ಟುಕೊಂಡರೆ ಅದರ ಮೇಲೂ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯುವ ನಿಯಮ (ಟಿಡಿಎಸ್) ಬಂದಿದೆ. ತೋರಿಸಿ ವಾಪಸು ಕೊಟ್ಟರೆ ಇಲ್ಲ. ದುಬಾರಿ ರೇಷ್ಮೆ ಸೀರೆ ಬಂದರೆ ನಾನು ವಾಪಸು ಕಳಿಸಿ, ಕೊರಿಯರ್ ಚೀಟಿಯನ್ನು ಫೈಲಿಗೆ ಹಾಕುತ್ತೇನೆ. ಬಂದ ಹಣ, ಬಂದ ಬಟ್ಟೆ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ.

ನೇಕಾರರ ಮನೆಗೆ ಹೋಗುವುದಾದರೆ

ಸ್ವಲ್ಪ ಹೆಸರಾದ ಮೇಲೆ ಎಲ್ಲರಿಗೂ ಮಗ್ಗದ ಮುಂದೆ ಕೂತು ವಿಡಿಯೊ ಮಾಡುವ ಆಸೆ. ಹೋಗಿ, ಆದರೆ ಮುಂಚೆ ಫೋನು ಮಾಡಿ ಹೋಗಿ. ನೀವು ಎರಡು ಗಂಟೆ ಮಗ್ಗ ನಿಲ್ಲಿಸಿದರೆ ಅವರ ಎರಡು ಗಂಟೆಯ ದುಡಿಮೆ ಹೋಯಿತು. ನಾನು ಅರ್ಧ ದಿನದ ಕೂಲಿಯನ್ನು ಮೊದಲೇ ಕೈಗಿಡುತ್ತೇನೆ. ಮಕ್ಕಳನ್ನು, ಒಳಮನೆಯನ್ನು ತೆಗೆಯುವುದಿಲ್ಲ. ಅವರ ಹೆಸರು ಹಾಕಬಹುದೇ, ಫೋನ್ ನಂಬರ್ ಕೊಡಬಹುದೇ ಎಂದು ಕೇಳಿಯೇ ಹಾಕುತ್ತೇನೆ. ಒಮ್ಮೊಮ್ಮೆ ಬೇಡ ಎನ್ನುತ್ತಾರೆ, ಸಾಲ ಕೊಟ್ಟ ಸಾಹುಕಾರನಿಗೆ ತಿಳಿಯುವುದು ಬೇಡವೆಂದು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಹಾಗಾಗಿ ಸದ್ದನ್ನು ಬೇರೆ, ಮಾತನ್ನು ಬೇರೆ ದಾಖಲಿಸಿಕೊಳ್ಳಿ.

ಹಿಂದಿನ ತಿಂಗಳು ಹೋಗಿದ್ದಾಗ ಚಿಕ್ಕಿ ಪರಾಸ ಎಂಬ ದಡಿಯನ್ನು ತೋರಿಸಿ, ಬೇರೆ ಬಗೆಯ ದಡಿಯ ಹೆಸರು ಹೇಳಿ, ಗೋಮಿ ಎಂದುಬಿಟ್ಟೆ. ನೂಲಿನ ಕಂಡಿಕೆ ಸುತ್ತುತ್ತಿದ್ದ ಅಜ್ಜಿ ರಾಟೆ ನಿಲ್ಲಿಸಿ, ಕ್ಯಾಮೆರಾದ ಮುಂದೆಯೇ, "ಗುಳೇದಗುಡ್ಡದ ಮಗಳಾಗಿ ಇಷ್ಟೂ ಗೊತ್ತಿಲ್ಲವೇನೇ?" ಎಂದು ಗದರಿದರು. ಹಾಕಲೇ ಎಂದು ಕೇಳಿದೆ. "ಹಾಕು, ನನ್ನ ಮೊಮ್ಮಗಳೂ ನೋಡಲಿ" ಎಂದರು. ಕತ್ತರಿಸದೆ ಹಾಗೆಯೇ ಹಾಕಿದೆ. ಈಗ ಕಾಮೆಂಟಿನಲ್ಲಿ ನನ್ನನ್ನು ಯಾರೂ ಕೇಳುತ್ತಿಲ್ಲ, ಎಲ್ಲರಿಗೂ ಅಜ್ಜಿಯ ಮುಂದಿನ ವಿಡಿಯೊ ಯಾವಾಗ ಎಂಬ ಚಿಂತೆ.